ಕಲಾದಗಿ ಮರಳುಗಲ್ಲು: ನೆಲದಡಿಯ ಗಣಿಗಾರಿಕೆಯ ದೃಷ್ಟಿಯಿಂದ ಅದರ ಯಾಂತ್ರಿಕ ಗುಣಗಳು

ಮರಳುಗಲ್ಲು ಜಲಜ ಶಿಲೆಗಳಲ್ಲಿ ಒಂದು ಬಗೆ. ಹೊಳೆಯ ಪಾತ್ರದಲ್ಲೋ ಕಡಲಂಚಿನಲ್ಲೋ ನಿಂತ ಮರಳು ತನ್ನ ಮೇಲೆ ಬಿದ್ದ ಹೊಸ ಪದರುಗಳ ಭಾರಕ್ಕೆ ಅದುಮಿಸಿಕೊಂಡು, ಕಣಗಳ ಸಂದಿಯಲ್ಲಿ ಸಿಲಿಕ, ಸುಣ್ಣ, ಕಬ್ಬಿಣದ ಆಕ್ಸೈಡ್ ಇಲ್ಲವೆ ಜೇಡಿ ತುಂಬಿಕೊಂಡು ಕಲ್ಲಾಗುತ್ತದೆ. ಕಣಗಳ ಅಡ್ಡಳತೆ 0.06 ಮಿಲಿಮೀಟರಿನಿಂದ 2 ಮಿಲಿಮೀಟರಿನವರೆಗೆ ಇರುತ್ತದೆ. ಭಾರ ತಾಳುವ ಶಕ್ತಿ, ಒಡೆಯುವ ರೀತಿ, ಬಾಗುವಿಕೆ, ನೀರು ಹೀರಿದಾಗ ಕುಗ್ಗುವ ಬಲ, ಇವೆಲ್ಲ ಸೇರಿ ಅದರ ಯಾಂತ್ರಿಕ ಗುಣಗಳು. ಕಲ್ಲಿದ್ದಲು ಗಣಿಗಳಲ್ಲಿ ಕಾರ್ಮಿಕರ ತಲೆಯ ಮೇಲಿನ ಚಾವಣಿ ಹೆಚ್ಚಾಗಿ ಮರಳುಗಲ್ಲಿನದು ಅಥವಾ ಷೇಲ್ ಎಂಬ ತೆಳು ಪದರಿನ ಜೇಡುಶಿಲೆಯದು. ಸ್ವೀಡನ್ನಿನ ಲಾಯ್ಸ್‌ವಾಲ್ ಗಣಿಯಲ್ಲಿ ಸೀಸದ ಅದಿರು ಇದ್ದದ್ದೇ ಮರಳುಗಲ್ಲಿನೊಳಗೆ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳು ಮರಳುಗಲ್ಲು ಕಾಯ್ದು ಬಿಗಿದ ಕ್ವಾರ್ಟ್ಜೈಟಿನಲ್ಲಿ ಇಳಿದಿವೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಇಂದು ಮರಳುಗಲ್ಲನ್ನು ಕೊರೆದು ನೆಲದಡಿ ನಡೆಯುವ ಗಣಿ ಇಲ್ಲ. ಆದರೂ ಈ ವಿಷಯವನ್ನು ಕರ್ನಾಟಕದಲ್ಲಿ ನಿಂತು ನೋಡಲು ಇದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ. ಸವದತ್ತಿಯ ಹೆಸರನ್ನೇ ಹೊತ್ತ ಗಟ್ಟಿ ಕ್ವಾರ್ಟ್ಜೈಟ್, ಮುನವಳ್ಳಿಯ ಹೆಸರು ಹೊತ್ತ ಮೆದು ಜೇಡುಶಿಲೆ, ಬಾದಾಮಿಯ ಕೆಂಪು ಮರಳುಗಲ್ಲು ಮೂರೂ ಒಂದು ದಿನದ ದಾರಿಯೊಳಗೆ ಕಾಣಸಿಗುತ್ತವೆ. ಬೈಲಹೊಂಗಲ ಸೀಮೆಯ ದೇಶನೂರಿನ ಬಳಿ ಬಾದಾಮಿ ಗುಂಪಿನ ಮರಳುಗಲ್ಲಿನಲ್ಲಿ ಯುರೇನಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದೆ. ಹೀಗಾಗಿ ಈ ಕಲ್ಲನ್ನು ಕೊರೆದರೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ.

ಸೀಮೆಯ ಶಿಲೆಗಳು

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಿಲೆಗಳನ್ನು ಬಾಗಲಕೋಟೆ ಸಮೀಪದ ಕಲಾದಗಿಯ ಹೆಸರಿನಲ್ಲಿ ವಿವರಿಸಿದ. ಇಂದು ಕಲಾದಗಿ ಶಿಲಾಸಮೂಹವನ್ನು ಎರಡು ಗುಂಪಾಗಿ ನೋಡುತ್ತಾರೆ. ಕೆಳಗಿನದು ಬಾಗಲಕೋಟೆ ಗುಂಪು. ಇದರ ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಭೂಚಲನೆಗೆ ಸಿಕ್ಕು ಮಡಿಕೆ ಬಿದ್ದು ವಾಲಿಕೊಂಡಿದೆ. ಅದು ಸವೆದು ತಗ್ಗಾದ ಬಹುಕಾಲದ ಮೇಲೆ ಬಾದಾಮಿ ಗುಂಪು ಬಂದು ಕೂತಿತು. ಇದರ ಪದರುಗಳು ಇಂದಿಗೂ ಹೆಚ್ಚುಕಡಿಮೆ ಮಟ್ಟಸವಾಗಿವೆ.

ಬಾಗಲಕೋಟೆ ಗುಂಪಿನ ತಳದ ಘಟಕಕ್ಕೆ ರಾಮದುರ್ಗ ರಚನೆ ಎಂದು ಹೆಸರು. ತೀರ ಅಡಿಯಲ್ಲಿ ಉಂಡೆಗಲ್ಲುಗಳು ಬೆಸೆದ ಕಾಂಗ್ಲೊಮರೇಟ್, ಅದರ ಮೇಲೆ ಸವದತ್ತಿ ಕ್ವಾರ್ಟ್ಜೈಟ್, ಅದರ ಮೇಲೆ ಮುನವಳ್ಳಿಯ ಜೇಡುಶಿಲೆ. ಮೊದಲು ಸವದತ್ತಿ ತಾಲ್ಲೂಕಿನಲ್ಲಿದ್ದ ಯರಗಟ್ಟಿಯ ಹೆಸರಿನದೂ ಒಂದು ರಚನೆ ಇದೆ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜಾತ್ರೆಯ ಜನ ಏರುವುದು, ಪರಸಗಡದ ಕೋಟೆ ಕೂತಿರುವುದು ಈ ಕ್ವಾರ್ಟ್ಜೈಟಿನ ಏಣಿನ ಮೇಲೆ. ಮಲಪ್ರಭೆ ಇದೇ ಏಣನ್ನು ಸೀಳಿ ನವಿಲುತೀರ್ಥದ ಕಂದಕ ಮಾಡಿಕೊಂಡಿದ್ದಾಳೆ. ಆ ಇಕ್ಕಟ್ಟಿನಲ್ಲಿ ಸುಮಾರು 155 ಮೀಟರ್ ಉದ್ದದ ಅಣೆಕಟ್ಟು ಹಾಕಿದ್ದರಿಂದಲೇ 37 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ರೇಣುಕಾಸಾಗರ ಸಾಧ್ಯವಾಯಿತು. ಗಟ್ಟಿ ಕಲ್ಲು ಕಿರಿದಾದ ಕಂಡಿಯನ್ನು ಉಳಿಸಿಕೊಂಡಿದೆ; ಮೆದು ಕಲ್ಲಾಗಿದ್ದರೆ ಹೊಳೆ ಅಲ್ಲಿ ಅಗಲವಾದ ಬಯಲು ಮಾಡಿಕೊಳ್ಳುತ್ತಿತ್ತು, ಅಣೆಕಟ್ಟು ಹತ್ತಾರು ಪಟ್ಟು ಉದ್ದ ಬೇಕಾಗುತ್ತಿತ್ತು. ಸೊಗಲದ ಜಲಪಾತ, ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಜಾಗ ಕೂಡ ಕಲಾದಗಿ ಶಿಲೆಯ ಅಂಚುಗಳೇ.

ಬೈಲಹೊಂಗಲ ದಾಟಿ ಕಿತ್ತೂರಿನ ಕಡೆ ಹೋದಂತೆ ಮರಳುಗಲ್ಲು ತೀರಿ ಅದಕ್ಕಿಂತ ಬಹಳ ಹಳೆಯ ಧಾರವಾಡ ವರ್ಗದ ಷಿಸ್ಟ್ ಶಿಲೆಗಳು ಬರುತ್ತವೆ. ಜಿಲ್ಲೆಯ ವಾಯವ್ಯದಲ್ಲಿ ಡೆಕ್ಕನ್ ಬಸಾಲ್ಟ್ ಎಲ್ಲವನ್ನೂ ಮುಚ್ಚಿದೆ.

ಕಣ ಮತ್ತು ಬೆಸುಗೆ

ಮರಳುಗಲ್ಲಿನ ಬಲವನ್ನು ಬರೀ ಕಣ ನೋಡಿ ಹೇಳಲಾಗದು. ಬೆಣಚುಕಲ್ಲಿನ ಕಣ ಎಲ್ಲ ಕಡೆಯೂ ಒಂದೇ ಗಡಸು. ವ್ಯತ್ಯಾಸ ಇರುವುದು ಕಣಗಳ ನಡುವಿನ ಬೆಸುಗೆಯಲ್ಲಿ. ಜೇಡಿಯಿಂದ ಬೆಸೆದ ಮರಳುಗಲ್ಲು ಸಾಮಾನ್ಯವಾಗಿ 10ರಿಂದ 40 ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಪುಡಿಯಾಗುತ್ತದೆ. ಚೆನ್ನಾಗಿ ಬೆಸೆದದ್ದು 50ರಿಂದ 150ರವರೆಗೆ ತಡೆಯುತ್ತದೆ. ಸಿಲಿಕವೇ ಬೆಸುಗೆಯಾಗಿ, ಕಣ ಯಾವುದು ಅಂಟು ಯಾವುದು ಎಂದು ಗೊತ್ತಾಗದಷ್ಟು ಒಂದಾದ ಕ್ವಾರ್ಟ್ಜೈಟ್ 150ರಿಂದ 300 ಮೆಗಾಪ್ಯಾಸ್ಕಲ್ ತಡೆದ ಉದಾಹರಣೆಗಳು ಸಾಕಷ್ಟಿವೆ. ಒಂದು ಮೆಗಾಪ್ಯಾಸ್ಕಲ್ ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕಿಲೋ ಭಾರ. ಸಂದಿಗಳು ಹೆಚ್ಚಿದಷ್ಟೂ ಬಲ ಇಳಿಯುತ್ತದೆ. ಮರಳುಗಲ್ಲಿನ ರಂಧ್ರತೆ ನೂರಕ್ಕೆ ಒಂದೆರಡರಿಂದ ಹಿಡಿದು 25, 30ರವರೆಗೂ ಹೋಗುತ್ತದೆ. ಗಟ್ಟಿ ಕ್ವಾರ್ಟ್ಜೈಟಿನ ಸಾಂದ್ರತೆ 2.65ರ ಹತ್ತಿರ, ಸಡಿಲ ಮರಳುಗಲ್ಲಿನದು 2.0ಕ್ಕೂ ಇಳಿಯಬಹುದು.

ಈ ಸಂಖ್ಯೆ ತೆಗೆಯುವ ಕ್ರಮಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 9143, 1979ರದು. ಕೊಳವೆ ಕೊರೆದು ತೆಗೆದ ಕಲ್ಲಿನ ತುಂಡು, ಗಣಿಯವರು ಕೋರ್ ಎನ್ನುವುದು, ಸಾಮಾನ್ಯವಾಗಿ ಸುಮಾರು 54 ಮಿಲಿಮೀಟರ್ ದಪ್ಪ. ಅದರ ದಪ್ಪದ ಎರಡರಿಂದ ಮೂರು ಪಟ್ಟು ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗಳನ್ನು ಕನ್ನಡಿಯ ಮಟ್ಟಕ್ಕೆ ಉಜ್ಜಿ, ಒತ್ತುಯಂತ್ರದ ಎರಡು ಉಕ್ಕಿನ ತಟ್ಟೆಗಳ ನಡುವೆ ನಿಲ್ಲಿಸುತ್ತಾರೆ. ಭಾರ ಏರಿದಂತೆ ಮೊದಲು ಕಲ್ಲಿನೊಳಗೆ ಮೊದಲೇ ಇದ್ದ ಸೂಕ್ಷ್ಮ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಕಲ್ಲು ಸ್ಪ್ರಿಂಗಿನ ಹಾಗೆ ಭಾರಕ್ಕೆ ತಕ್ಕಷ್ಟೇ ಕುಗ್ಗುತ್ತದೆ. ಗರಿಷ್ಠ ಬಲದ ಸುಮಾರು ಅರ್ಧಕ್ಕೆ ಬರುವಾಗ ಭಾರದ ದಿಕ್ಕಿಗೆ ಸಮಾನಾಂತರವಾಗಿ ಹೊಸ ಬಿರುಕು ಹುಟ್ಟಲು ಶುರು. ಕಿವಿಗೆ ಕೇಳದ ಆ ಚಟಚಟವನ್ನು ಉಪಕರಣ ಹಿಡಿಯುತ್ತದೆ. ನೂರಕ್ಕೆ 80 ದಾಟಿದ ಮೇಲೆ ಬಿರುಕುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ತುಂಡು ಸಿಡಿಯುತ್ತದೆ. ಜೇಡಿ ಬೆಸುಗೆಯ ಕಲ್ಲು ಮೆಲ್ಲಗೆ ಉದುರಿ ಕುಸಿದರೆ ಕ್ವಾರ್ಟ್ಜೈಟ್ ಗುಂಡಿನ ಶಬ್ದ ಮಾಡಿ ಚೂರಾಗುತ್ತದೆ. ಸಾಯುವ ರೀತಿಯ ಈ ವ್ಯತ್ಯಾಸ ಗಣಿಯೊಳಗಿನ ಜೀವಕ್ಕೆ ಬಲದ ಸಂಖ್ಯೆಯಷ್ಟೇ ಮುಖ್ಯ.

ಎಳೆತ, ಪದರು, ಚಾವಣಿ

ಒತ್ತಿದರೆ ಬೆಟ್ಟ ಹೊರುವ ಮರಳುಗಲ್ಲು ಎಳೆದರೆ ಬಡವ. ಅದರ ಕರ್ಷಣ ಬಲ ಸಂಪೀಡನ ಬಲದ ಹತ್ತನೇ ಒಂದರಿಂದ ಇಪ್ಪತ್ತನೇ ಒಂದು ಪಾಲು ಮಾತ್ರ. ಪದರಿಗೆ ಪದರು ಕೂಡಿದ ಕಡೆ ಅದಕ್ಕೂ ಕಡಿಮೆ. ಕಲ್ಲುಕುಟಿಗರು ತಲೆಮಾರುಗಳಿಂದ ಬದುಕಿದ್ದು ಈ ದೌರ್ಬಲ್ಯದ ಮೇಲೆ. ಕಲ್ಲಿನ ಖಣಿಯಲ್ಲಿ ಬಂಡೆಯ ಮೇಲೆ ಪದರಿನ ಗೆರೆ ನೋಡಿಕೊಂಡು ಚಾಣದಿಂದ ಸಾಲಾಗಿ ಗುಳಿ ತೋಡುತ್ತಾರೆ. ಪ್ರತಿ ಗುಳಿಗೂ ಕಬ್ಬಿಣದ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೊಂದಕ್ಕೆ ಒಂದೊಂದೇ ಏಟು ಹಾಕುತ್ತ ಹೋಗಿ ಮತ್ತೆ ಮೊದಲಿಗೆ ಬರುತ್ತಾರೆ. ಏಟಿನ ಸದ್ದು ಟಣ್ ಎನ್ನುವುದು ನಿಂತು ದಪ್ಪಗಾದಾಗ ಬಂಡೆಯೊಳಗೆ ಸೀಳು ಓಡಿದೆ ಎಂದು ಅವರಿಗೆ ಗೊತ್ತು. ಆಗ ಹಾರೆ ಹಾಕಿ ಎಬ್ಬಿಸುತ್ತಾರೆ. ಬೆಣೆ ಮಾಡುವುದು ಕಲ್ಲನ್ನು ಅಗಲಕ್ಕೆ ಎಳೆಯುವ ಕೆಲಸ. ಟನ್ನುಗಟ್ಟಲೆ ಒತ್ತಿದರೂ ಜಗ್ಗದ ಬಂಡೆ ಕೈಸುತ್ತಿಗೆಗೆ ಎರಡಾಗುವುದು ಅದರಿಂದಲೇ. ಪ್ರಯೋಗಾಲಯದಲ್ಲಿ ಇದೇ ಗುಣವನ್ನು ಐಎಸ್ 10082ರ ಪ್ರಕಾರ ಕಲ್ಲಿನ ಬಿಲ್ಲೆಯನ್ನು ಅಡ್ಡಕ್ಕೆ ಒತ್ತಿ ಸೀಳಿಸಿ ಅಳೆಯುತ್ತಾರೆ.

ಸುರಂಗ ತೋಡಿದಾಗ ಚಾವಣಿಯ ಕಲ್ಲು ಎರಡು ಗೋಡೆಗಳ ನಡುವೆ ಚಾಚಿದ ತೊಲೆಯಾಗುತ್ತದೆ. ತೊಲೆ ತನ್ನ ಭಾರಕ್ಕೆ ಬಾಗುತ್ತದೆ, ಬಾಗಿದ ಕಡೆ ಎಳೆತ ಹುಟ್ಟುತ್ತದೆ. ಲೆಕ್ಕ ಹಾಕಿ ನೋಡಬಹುದು: 6 ಮೀಟರ್ ಅಗಲದ ಸುರಂಗ, 30 ಸೆಂಟಿಮೀಟರ್ ದಪ್ಪದ ಮರಳುಗಲ್ಲಿನ ಪದರು. ತನ್ನ ಭಾರದಿಂದಲೇ ಅದರ ತುದಿಗಳಲ್ಲಿ ಏಳುವ ಎಳೆತ ಸುಮಾರು 1.4 ಮೆಗಾಪ್ಯಾಸ್ಕಲ್. ಅದೇ ಪದರು ಒಂದೂವರೆ ಮೀಟರ್ ದಪ್ಪವಿದ್ದರೆ ಎಳೆತ 0.3ಕ್ಕೆ ಇಳಿಯುತ್ತದೆ. ಪದರು 30 ಸೆಂಟಿಮೀಟರಿನದೇ ಇದ್ದು ಸುರಂಗವನ್ನು 12 ಮೀಟರಿಗೆ ಅಗಲಿಸಿದರೆ ಎಳೆತ 5.7 ದಾಟುತ್ತದೆ. ಸಾಧಾರಣ ಮರಳುಗಲ್ಲಿನ ಕರ್ಷಣ ಬಲ 4 ಎಂದು ಹಿಡಿದರೆ ಆ ಚಾವಣಿ ಬೀಳುತ್ತದೆ. ಕಲ್ಲು ಒಂದೇ. ಪದರಿನ ದಪ್ಪ ಮತ್ತು ತೋಡಿದ ಅಗಲ ಮಾತ್ರ ಬೇರೆ. ರಾಕ್ ಬೋಲ್ಟ್ ಎಂಬ ಉಕ್ಕಿನ ಸರಳನ್ನು ಚಾವಣಿಯಲ್ಲಿ ಕೊರೆದು ಕೂರಿಸುವ ಮುಖ್ಯ ಉದ್ದೇಶವೂ ಇಲ್ಲಿಯೇ ಇದೆ: ತೆಳು ಪದರುಗಳನ್ನು ಹೊಲಿದು ಒಂದು ದಪ್ಪ ತೊಲೆ ಮಾಡುವುದು. ಗಣಿಗಾರ ಪಾಳಿ ಶುರುವಾಗುವ ಮೊದಲು ಸರಳಿನಿಂದ ಚಾವಣಿಗೆ ಬಡಿದು ಸದ್ದು ಕೇಳುವುದು, ಖಣಿಯ ಕಲ್ಲುಕುಟಿಗ ಬಂಡೆಯ ಸದ್ದು ಕೇಳುವುದು, ಎರಡೂ ಒಂದೇ ವಿದ್ಯೆ. ಪದರು ಬಿಟ್ಟುಕೊಂಡಿದ್ದರೆ ಡೋಲಿನ ಸದ್ದು ಬರುತ್ತದೆ.

ಪದರಿನ ದಿಕ್ಕಿಗೆ ತಕ್ಕಂತೆಯೂ ಬಲ ಬದಲಾಗುತ್ತದೆ. ಪದರಿಗೆ ಲಂಬವಾಗಿ ಒತ್ತಿದಾಗ ಹೆಚ್ಚು, ಪದರು ಭಾರದ ದಿಕ್ಕಿಗೆ ಸುಮಾರು 30 ಡಿಗ್ರಿ ಓರೆಯಾಗಿದ್ದಾಗ ತೀರ ಕಡಿಮೆ; ಆಗ ಕಲ್ಲು ಮುರಿಯುವುದಕ್ಕಿಂತ ಪದರಿನ ಮೇಲೆ ಜಾರುತ್ತದೆ. ಬಾದಾಮಿ ಗುಂಪಿನ ಮಟ್ಟಸ ಪದರುಗಳಿಗೂ ಬಾಗಲಕೋಟೆ ಗುಂಪಿನ ವಾಲಿದ ಪದರುಗಳಿಗೂ ಗಣಿಯ ನಕ್ಷೆ ಒಂದೇ ಆಗಲಾರದು.

ಸುತ್ತಲಿಂದ ಒತ್ತಿ ಹಿಡಿದ ಮರಳುಗಲ್ಲು ಹೆಚ್ಚು ಭಾರ ತಡೆಯುತ್ತದೆ. ಅದರ ಘರ್ಷಣ ಕೋನ ಬಹುತೇಕ 30 ಡಿಗ್ರಿಗಿಂತ ಮೇಲಿರುವುದರಿಂದ ಸುತ್ತಲಿನ ಒತ್ತಡ 1 ಮೆಗಾಪ್ಯಾಸ್ಕಲ್ ಹೆಚ್ಚಿದರೆ ತಾಳುವ ಭಾರ 3 ಅಥವಾ ಅದಕ್ಕೂ ಹೆಚ್ಚು ಮೆಗಾಪ್ಯಾಸ್ಕಲ್ ಏರುತ್ತದೆ. ಶಿಲೆಯ ಬಲ ಅಂದಾಜು ಮಾಡುವ ಹೋಕ್ ಮತ್ತು ಬ್ರೌನ್ ಸೂತ್ರದಲ್ಲಿ ಶಿಲೆಯ ಸ್ವಭಾವ ಸೂಚಿಸುವ ಅಂಕ ಮರಳುಗಲ್ಲಿಗೆ 17ರ ಸುತ್ತ, ಕ್ವಾರ್ಟ್ಜೈಟಿಗೆ 20ರ ಸುತ್ತ, ಷೇಲಿಗೆ 6ರ ಸುತ್ತ ಇದೆ. ಮುನವಳ್ಳಿಯಂಥ ಜೇಡುಶಿಲೆ ಕ್ವಾರ್ಟ್ಜೈಟಿನ ಬೆನ್ನಿಗೇ ಬರುವ ಕಡೆ ಈ ಅಂತರ ಕಣ್ಣಮುಂದೆ ಇರಬೇಕು.

ನೀರು

ಮರಳುಗಲ್ಲಿನ ಮೊದಲ ಶತ್ರು ನೀರು. ಬ್ರಿಟನ್ನಿನ 35 ಮರಳುಗಲ್ಲುಗಳನ್ನು ಒಣಗಿಸಿಯೂ ನೆನೆಸಿಯೂ ಒತ್ತಿ ನೋಡಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಸಿಲಿಕ ಬೆಸುಗೆಯ ಕಲ್ಲು ನೆನೆದಾಗ ಕಳೆದುಕೊಂಡದ್ದು ನೂರಕ್ಕೆ 8ರಷ್ಟು ಬಲ. ಜೇಡಿ ತುಂಬಿದ ಕಲ್ಲು ಕಳೆದುಕೊಂಡದ್ದು 78ರವರೆಗೆ. ಒಣಗಿಸಿದ ಕೋರ್ ಮೇಲೆ ತೆಗೆದ ಸಂಖ್ಯೆಯನ್ನು ನಂಬಿ ಮಲೆನಾಡಿನ ಇಳಿಜಾರಿನಲ್ಲೋ ಜಲಾಶಯದ ಪಕ್ಕದಲ್ಲೋ ಗಣಿ ಇಳಿಸಿದರೆ ಏನಾಗಬಹುದು ಎಂಬುದಕ್ಕೆ ಈ ಎರಡು ಸಂಖ್ಯೆ ಸಾಕು.

ನೀರು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಬೆಸುಗೆಯನ್ನು ಮೆತ್ತಗೆ ಮಾಡುವುದು ಒಂದು. ಇನ್ನೊಂದು, ಬಿರುಕಿನೊಳಗೆ ನಿಂತು ಒಳಗಿನಿಂದ ತಳ್ಳುವುದು. 100 ಮೀಟರ್ ಎತ್ತರದ ನೀರಿನ ಕಂಬ ಸುಮಾರು 1 ಮೆಗಾಪ್ಯಾಸ್ಕಲ್ ಒತ್ತುತ್ತದೆ. ಅಷ್ಟರಮಟ್ಟಿಗೆ ಬಿರುಕಿನ ಎರಡು ಮುಖಗಳ ಹಿಡಿತ ಸಡಿಲಾಗುತ್ತದೆ. ಈ ಸೀಮೆಯ ಮರಳುಗಲ್ಲು ನೀರನ್ನು ಎಲ್ಲಿಂದ ಎಲ್ಲಿಗೆ ಸಾಗಿಸುತ್ತದೆ ಎಂದು ತಿಳಿಯಲು ಕೊಳವೆಬಾವಿಯೇ ಬೇಕಿಲ್ಲ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳದಲ್ಲಿ ಗುಡ್ಡದ ನಡುವಿನಿಂದ ಒಸರುವ ಚಿಲುಮೆಯನ್ನು ನೋಡಿದರಾಯಿತು. ಬಿಗಿಯಾದ ಕಲ್ಲಿನ ರಂಧ್ರಗಳಿಗಿಂತ ಅದರ ಸೀಳುಗಳೇ ನೀರಿನ ದಾರಿ. ಸೀಳು ಇರುವ ಕಡೆ ಗಣಿಯ ಚಾವಣಿಯೂ ದುರ್ಬಲ, ಅಲ್ಲಿಯೇ ನೀರೂ ಬರುತ್ತದೆ. ಎರಡು ಕೇಡು ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ.

ಕಂಬಗಳು

ಕಲಾದಗಿ ಸೀಮೆಯ ಮರಳುಗಲ್ಲಿನಲ್ಲಿ ನೆಲದೊಳಗೆ ತೋಡಿದ ಅತಿ ಹಳೆಯ ದೊಡ್ಡ ಕೆಲಸ ಗಣಿಯಲ್ಲ, ಗುಡಿ. ರಾಮದುರ್ಗದ ಪೂರ್ವಕ್ಕೆ ಬಾದಾಮಿಯಲ್ಲಿ ಚಾಲುಕ್ಯರು ಕೊರೆಸಿದ ಗುಹಾಲಯಗಳಿಂದಲೇ ಭೂವಿಜ್ಞಾನಿಗಳು ಆ ಪದರಿಗೆ ಕೇವ್ ಟೆಂಪಲ್ ಅರೆನೈಟ್ ಎಂದು ಹೆಸರಿಟ್ಟಿದ್ದಾರೆ. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಮುಂಭಾಗದ ಉದ್ದ ಸುಮಾರು 70 ಅಡಿ, ಒಳಕ್ಕೆ 48 ಅಡಿ, ಎತ್ತರ 15 ಅಡಿ. ಮುಂದಿನ ಸಾಲಿನ ಕಂಬಗಳು ಸುಮಾರು ಎರಡೂವರೆ ಅಡಿ ಚೌಕ. ಒಂದು ಕಂಬದ ಪಾಲಿಗೆ 9 ಚದರ ಮೀಟರ್ ಚಾವಣಿ, ಅದರ ಮೇಲೆ 10 ಮೀಟರ್ ಕಲ್ಲು ಎಂದು ಹಿಡಿದು ಲೆಕ್ಕ ಹಾಕಿದರೆ ಕಂಬದ ಮೇಲೆ ಬೀಳುವುದು 216 ಟನ್, ಅಂದರೆ 3.7 ಮೆಗಾಪ್ಯಾಸ್ಕಲಿಗೂ ಕಡಿಮೆ ಒತ್ತಡ. 50 ಮೆಗಾಪ್ಯಾಸ್ಕಲಿನ ಮರಳುಗಲ್ಲಿಗೆ ಇದು ಹದಿಮೂರನೇ ಒಂದು ಪಾಲು. ಆ ಶಿಲ್ಪಿಗಳು ದಪ್ಪ ಪದರು ಆರಿಸಿಕೊಂಡು, ಕಂಬದಿಂದ ಕಂಬಕ್ಕೆ ಅಂತರ ಕಿರಿದಾಗಿಟ್ಟು, ಹೆಚ್ಚಿನ ಎಳೆತಕ್ಕೆ ಚಾವಣಿಯನ್ನು ಒಡ್ಡದೆ ಕೆಲಸ ಮುಗಿಸಿದರು. ಹದಿನಾಲ್ಕು ಶತಮಾನ ನಿಂತ ಈ ಚಾವಣಿಯನ್ನು ಶಿಲ್ಪದ ಕಣ್ಣಿನಿಂದ ನೋಡಿದಷ್ಟೇ ಗಣಿಯ ಕಣ್ಣಿನಿಂದಲೂ ನೋಡಬೇಕು.

ಗಣಿಯ ಕಂಬಕ್ಕೆ ಇಷ್ಟು ಧಾರಾಳ ಸಿಗುವುದಿಲ್ಲ. 100 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರ ಸುಮಾರು 2.4 ಮೆಗಾಪ್ಯಾಸ್ಕಲ್. ಹರವಿನ ನೂರಕ್ಕೆ 60 ಭಾಗ ಕಂಬವಾಗಿ ಉಳಿಸಿದರೆ ಕಂಬದ ಮೇಲೆ 4 ಬೀಳುತ್ತದೆ. ಅದಿರಿನ ಆಸೆಗೆ 30 ಮಾತ್ರ ಉಳಿಸಿದರೆ 8. ಒಂದು ಕಂಬ ಸೋತರೆ ಅದರ ಹೊರೆ ಪಕ್ಕದವಕ್ಕೆ ಹೋಗುತ್ತದೆ, ಅವೂ ಸಾಲಾಗಿ ಸೋಲಬಹುದು. ದಕ್ಷಿಣ ಆಫ್ರಿಕದ ಕೋಲ್‌ಬ್ರೂಕ್ ಕಲ್ಲಿದ್ದಲು ಗಣಿಯಲ್ಲಿ 1960ರ ಜನವರಿ 21ರಂದು ಹಾಗೆಯೇ ಆಯಿತು; 430ಕ್ಕೂ ಹೆಚ್ಚು ಮಂದಿ ಒಳಗೇ ಉಳಿದರು. ಆ ದುರಂತದ ನಂತರ ಸಾಲಮನ್ ಮತ್ತು ಮನ್ರೋ ಎಂಬವರು ನಿಂತ 98, ಕುಸಿದ 27 ಕಂಬಗಳ ಸಾಲುಗಳನ್ನು ಪರಿಶೀಲಿಸಿ 1967ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಕಂಬ ಅಗಲವಾದಷ್ಟೂ ಬಲ ಹೆಚ್ಚು, ಎತ್ತರವಾದಷ್ಟೂ ಬಲ ಕಡಿಮೆ ಎಂಬುದನ್ನು ಅದು ಸಂಖ್ಯೆಯಲ್ಲಿ ಹೇಳುತ್ತದೆ. ಅದು ಕಲ್ಲಿದ್ದಲಿನ ಕಂಬಕ್ಕೆ ಹೊಂದಿಸಿದ ಸೂತ್ರ. ಮರಳುಗಲ್ಲಿನ ಕಂಬಕ್ಕೆ ಅದನ್ನು ಹಾಗೆಯೇ ಎತ್ತಿ ಹಾಕುವುದು ತಪ್ಪು.

ತುಂಡಿನ ಬಲ, ಬೆಟ್ಟದ ಬಲ

ಗಣಿಯ ಭದ್ರತೆಯನ್ನು ಕಲ್ಲಿನ ತುಂಡಿನ ಬಲದಿಂದ ಅಳೆಯುವುದು ಈ ವಿಷಯದಲ್ಲಿ ಎಲ್ಲರೂ ಮೊದಲು ಬೀಳುವ ಹಳ್ಳ. ಭಾರತದ ಕಲ್ಲಿದ್ದಲು ಗಣಿಗಳ ಚಾವಣಿಗೆ ಅಂಕ ಕೊಡಲು ಧನಬಾದಿನ ಕೇಂದ್ರೀಯ ಗಣಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಪದ್ಧತಿಯನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಒಟ್ಟು 100 ಅಂಕದಲ್ಲಿ ಪದರಿನ ದಪ್ಪಕ್ಕೆ 30, ಬಿರುಕು ಸೀಳುಗಳಂಥ ರಚನೆಗಳಿಗೆ 25, ಗಾಳಿನೀರಿಗೆ ಕಲ್ಲು ಕರಗುವ ಗುಣಕ್ಕೆ 20, ಒಸರುವ ನೀರಿಗೆ 10. ಕಲ್ಲಿನ ಬಲಕ್ಕೆ ಉಳಿಯುವುದು 15. ಗಣಿಗಳಲ್ಲಿ ಚಾವಣಿ ಬಿದ್ದದ್ದನ್ನೂ ನಿಂತದ್ದನ್ನೂ ಕಂಡವರು ಮಾಡಿದ ಹಂಚಿಕೆ ಇದು.

ಉದ್ದಗೋಡೆ ಪದ್ಧತಿಯಲ್ಲಿ, ಅಂದರೆ ಲಾಂಗ್‌ವಾಲ್ ಗಣಿಗಳಲ್ಲಿ, ತೊಂದರೆ ತಿರುವುಮುರುವಾಗುತ್ತದೆ. ಅಲ್ಲಿ ಕಲ್ಲಿದ್ದಲು ತೆಗೆದ ಹಿಂದೆಯೇ ಚಾವಣಿ ತಾನಾಗಿ ಕುಸಿಯಬೇಕು. ಕುಸಿಯದೆ ಜೋತುಬಿದ್ದರೆ ಭಾರವೆಲ್ಲ ಮುಂದಿನ ಆಧಾರಗಳ ಮೇಲೆ ಬರುತ್ತದೆ. ಕೊನೆಗೆ ಒಂದೇ ಸಲಕ್ಕೆ ಬಿದ್ದಾಗ ಒಳಗಿನ ಗಾಳಿ ಬಿರುಗಾಳಿಯಾಗಿ ಹೊರನುಗ್ಗಿ ಆಳುಗಳನ್ನು ಎತ್ತಿ ಎಸೆಯುತ್ತದೆ. ಪಕ್ಕದ ತೆಲಂಗಾಣದ ಸಿಂಗರೇಣಿ ಗಣಿಗಳಲ್ಲಿ ದಪ್ಪ ಮರಳುಗಲ್ಲಿನ ಚಾವಣಿ ಹಳೆಯ ಚಿಂತೆ. ಕುಸಿಯುವ ಗುಣವನ್ನು ಮೊದಲೇ ಅಂದಾಜು ಮಾಡಲು ಭಾರತದಲ್ಲಿ ಒಂದು ಸೂಚ್ಯಂಕ ಬಳಸುತ್ತಾರೆ. ಚದರ ಸೆಂಟಿಮೀಟರಿಗೆ ಕಿಲೋಗಳಲ್ಲಿ ಕಲ್ಲಿನ ಬಲ, ಸೆಂಟಿಮೀಟರಿನಲ್ಲಿ ಕೋರ್ ತುಂಡುಗಳ ಸರಾಸರಿ ಉದ್ದ, ಮೀಟರಿನಲ್ಲಿ ಪದರಿನ ದಪ್ಪದ ವರ್ಗಮೂಲ, ಇವನ್ನು ಗುಣಿಸಿ 5ರಿಂದ ಭಾಗಿಸುತ್ತಾರೆ. ಕಲ್ಲು ತೀರ ಅಖಂಡವಾಗಿದ್ದರೆ ತುಂಡಿನ ಉದ್ದವನ್ನು 1.2ರ ಘಾತಕ್ಕೆ ಏರಿಸುತ್ತಾರೆ. 300 ಕಿಲೋ ಬಲದ, 5 ಮೀಟರ್ ದಪ್ಪದ ಮರಳುಗಲ್ಲನ್ನು ತೆಗೆದುಕೊಳ್ಳೋಣ. ಕೋರ್ 20 ಸೆಂಟಿಮೀಟರಿಗೊಂದು ತುಂಡಾಗಿ ಬಂದರೆ ಸೂಚ್ಯಂಕ ಸುಮಾರು 2,700. ಇದು ಹೆಚ್ಚು ತಕರಾರಿಲ್ಲದೆ ಕುಸಿಯುವ ಚಾವಣಿ. ಅದೇ ಬಲದ ಕಲ್ಲು ಅಖಂಡವಾಗಿ 60 ಸೆಂಟಿಮೀಟರ್ ತುಂಡುಗಳಲ್ಲಿ ಬಂದರೆ 18,000 ದಾಟುತ್ತದೆ. 14,000 ಮೀರಿದ್ದೆಲ್ಲ ಕುಸಿಯಲು ಅತಿ ಕಷ್ಟದ ವರ್ಗಕ್ಕೆ ಸೇರುತ್ತದೆ. ಒತ್ತುಯಂತ್ರ ಎರಡಕ್ಕೂ ಒಂದೇ ಸಂಖ್ಯೆ ಕೊಡುತ್ತದೆ. ಕೋರ್ ಪೆಟ್ಟಿಗೆಯನ್ನು ತೆರೆದು ತುಂಡುಗಳ ಉದ್ದ ಅಳೆದವನಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ.

ಆಳ ಮತ್ತು ಸಿಡಿತ

ಆಳಕ್ಕೆ ಇಳಿದಂತೆ ಕ್ವಾರ್ಟ್ಜೈಟಿನ ಗಟ್ಟಿತನವೇ ಅಪಾಯವಾಗುತ್ತದೆ. ಗಡಸು ಕಲ್ಲು ಒತ್ತಡವನ್ನು ತನ್ನೊಳಗೆ ಶಕ್ತಿಯಾಗಿ ಕೂಡಿಡುತ್ತದೆ. 50 ಗಿಗಾಪ್ಯಾಸ್ಕಲ್ ಸ್ಥಿತಿಸ್ಥಾಪಕ ಗುಣಾಂಕದ ಕಲ್ಲಿನ ಮೇಲೆ 100 ಮೆಗಾಪ್ಯಾಸ್ಕಲ್ ಒತ್ತಡ ಇದ್ದರೆ ಪ್ರತಿ ಘನಮೀಟರಿನಲ್ಲಿ 100 ಕಿಲೋಜೂಲ್ ಶಕ್ತಿ ಇರುತ್ತದೆ. ಆ ಇಡೀ ಘನಮೀಟರ್ ಬಂಡೆಯನ್ನು 4 ಮೀಟರ್ ಮೇಲಕ್ಕೆ ಎಸೆಯಲು ಅಷ್ಟು ಸಾಕು. ವಿಟ್‌ವಾಟರ್ಸ್‌ರಾಂಡಿನ ಆಳದ ಗಣಿಗಳಲ್ಲಿ ಕ್ವಾರ್ಟ್ಜೈಟ್ ಸಿಡಿದು ಆದ ಸಾವುಗಳ ಹಿಂದೆ ಇರುವುದು ಈ ಶಕ್ತಿ. ಕನ್ನಡ ನಾಡಿಗೆ ರಾಕ್‌ಬರ್ಸ್ಟ್ ಎಂಬ ಮಾತು ಕೋಲಾರದ ಚಿನ್ನದ ಗಣಿಯಿಂದ ಬಂತು. ಅಲ್ಲಿನ ಶಿಲೆ ಮರಳುಗಲ್ಲಲ್ಲ, ಹಾರ್ನ್‌ಬ್ಲೆಂಡ್ ಷಿಸ್ಟ್. ಆದರೆ 3 ಕಿಲೋಮೀಟರಿಗೂ ಆಳದಲ್ಲಿ ಗಟ್ಟಿ ಕಲ್ಲು ಸಿಡಿಯುವ ಬಗೆ ಒಂದೇ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಅಲ್ಲಿಯೇ ಹುಟ್ಟಿಕೊಂಡದ್ದು ಆ ಅನುಭವದ ಫಲ. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಕಲಿತ ವಿದ್ಯೆ ದೇಶದ ಸುರಂಗಗಳಿಗೂ ಅಣೆಕಟ್ಟುಗಳಿಗೂ ಹೋಯಿತು. ಸವದತ್ತಿ ಕ್ವಾರ್ಟ್ಜೈಟ್ ನೂರಿನ್ನೂರು ಮೀಟರಿನಲ್ಲಿ ಹಾಗೆ ಸಿಡಿಯುವ ಭಯ ಕಡಿಮೆ. ಅಲ್ಲಿ ಅಂಜಬೇಕಾದ್ದು ಅದರ ಸೀಳುಗಳಿಗೆ.

ದೂಳು

ಗಡಸುತನ ಯಾಂತ್ರಿಕ ಗುಣ. ಅದರ ಬೆಲೆಯನ್ನು ತೆರುವುದು ಮನುಷ್ಯನ ಶ್ವಾಸಕೋಶ. ಬೆಣಚುಕಲ್ಲು ಮೋಸ್ ಮಾಪನದಲ್ಲಿ 7, ಅಂದರೆ ಸಾಧಾರಣ ಉಕ್ಕಿಗಿಂತ ಗಡಸು. ಕೊರೆಯುವ ಬಿಟ್ಟಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಹಾಕಿದರೂ ಕ್ವಾರ್ಟ್ಜೈಟಿನಲ್ಲಿ ಬೇಗ ಸವೆಯುತ್ತದೆ. ಸವೆದ ಬಿಟ್ಟು ಕಲ್ಲನ್ನು ಕತ್ತರಿಸುವ ಬದಲು ಅರೆಯುತ್ತದೆ, ಅರೆದಾಗ ದೂಳು ಇನ್ನೂ ನಯವಾಗುತ್ತದೆ. ಕಣ್ಣಿಗೆ ಕಾಣದ ಆ ದೂಳೇ ಸಿಲಿಕೋಸಿಸ್ ತರುವುದು. ಒಮ್ಮೆ ಬಂದರೆ ವಾಸಿಯಾಗದ ರೋಗ ಇದು. 1940ರ ದಶಕದಲ್ಲಿ ಕೋಲಾರದ ಗಣಿಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ರೋಗ ಕಂಡಿತು. ಮರಳುಗಲ್ಲಿನಲ್ಲಿ ಬೆಣಚಿನ ಪಾಲು ಕೋಲಾರದ ಷಿಸ್ಟಿಗಿಂತ ಬಹಳ ಹೆಚ್ಚು. ಕೊರೆಯುವಾಗ ನೀರು ಬಿಡುವುದು, ಮೊನಚಾದ ಬಿಟ್ಟು ಬಳಸುವುದು, ಸುರಂಗಕ್ಕೆ ಸಾಕಷ್ಟು ಗಾಳಿ ತಳ್ಳುವುದು ಖರ್ಚಿನ ಲೆಕ್ಕಕ್ಕೆ ಸಿಗುವ ಐಚ್ಛಿಕ ವಿಷಯಗಳಲ್ಲ. ನೆಲದ ಮೇಲಿನ ಖಣಿಯಲ್ಲಿ ಚಾಣ ಹಿಡಿದು ದುಡಿಯುವವರಿಗೂ ಇದೇ ದೂಳು ತಟ್ಟುತ್ತದೆ. ಅವರ ಎದೆಯ ಎಕ್ಸ್‌ರೇ ತೆಗೆಸುವ ಹೊಣೆ ಕಲ್ಲು ಮಾರುವವರ ಮೇಲೆ ಇರಲೇಬೇಕು.

ದೇಶನೂರಿನ ಪ್ರಶ್ನೆ

ದೇಶನೂರಿನಲ್ಲಿ ಬಾದಾಮಿ ಗುಂಪಿನ ಮರಳುಗಲ್ಲು ಧಾರವಾಡ ವರ್ಗದ ಚಿತ್ರದುರ್ಗ ಗುಂಪಿನ ಬಹಳ ಹಳೆಯ ಶಿಲೆಗಳ ಮೇಲೆ ಕೂತಿದೆ. ಯುರೇನಿಯಂ ಇರುವುದು ಈ ಎರಡು ಕೂಡುವ ಸಂಧಿಗೆ ಹತ್ತಿರದ ಮರಳುಗಲ್ಲಿನಲ್ಲಿ. ಗಣಿ ತೋಡುವವನ ಕಣ್ಣಿನಿಂದ ನೋಡಿದರೆ ಇದು ಕಷ್ಟದ ಜಾಗ. ಚಾವಣಿ ಮಟ್ಟಸವಾದ ಮರಳುಗಲ್ಲು, ಗಟ್ಟಿ. ನೆಲ ಅದಕ್ಕಿಂತ ಮೊದಲೇ ಬಿಸಿಲುಮಳೆಗೆ ಕೊಳೆತು ಸವೆದ ಪುರಾತನ ಮೇಲ್ಮೈ. ಕಂಬ ಮುರಿಯದೆಯೇ ನೆಲಕ್ಕೆ ಇಳಿಯಬಹುದು, ನೆಲ ಉಬ್ಬಬಹುದು. ಸಂಧಿಯ ಮೇಲೆ ನೀರು ಹರಿಯುವುದೂ ಸಹಜ. ಮರಳುಗಲ್ಲಿನ ಯುರೇನಿಯಂ ನಿಕ್ಷೇಪಗಳಲ್ಲಿ ಪೈರೈಟ್ ಸಾಮಾನ್ಯ. ಗಾಳಿ ತಾಗಿದಾಗ ಅದು ಆಮ್ಲ ಬಿಡುತ್ತದೆ, ಆಮ್ಲ ಸುಣ್ಣದ ಬೆಸುಗೆಯನ್ನು ತಿನ್ನುತ್ತದೆ. ಯುರೇನಿಯಂ ಕಲ್ಲಿನಿಂದ ಹೊರಬರುವ ರೇಡಾನ್ ಅನಿಲಕ್ಕೆ ಬಿರುಕೇ ದಾರಿ. ಹಾಗಾಗಿ ಚಾವಣಿ ಬಿರುಕುಬಿಡುವುದು ಇಲ್ಲಿ ಬೀಳುವ ಕಲ್ಲಿನ ಭಯ ಮಾತ್ರವಲ್ಲ, ಉಸಿರಾಡುವ ಗಾಳಿಯ ಭಯ ಕೂಡ.

ಇಂಥ ಕಡೆ ಗಣಿಯ ಮಾತು ಎತ್ತುವ ಮೊದಲು ಕೈಯಲ್ಲಿ ಇರಬೇಕಾದ ಅಳತೆಗಳು ಇವು: ಚಾವಣಿಯಿಂದಲೂ ನೆಲದಿಂದಲೂ ತೆಗೆದ ಕೋರನ್ನು ಒಣಗಿಸಿಯೂ ನೆನೆಸಿಯೂ ಒತ್ತಿದ ಬಲ, ಪದರಿಗೆ ಲಂಬವಾಗಿಯೂ ಸಮಾನಾಂತರವಾಗಿಯೂ ಸೀಳಿದ ಬಲ, ಸಂಧಿಯ ಮೇಲೆಯೇ ಜಾರಿಸಿ ನೋಡಿದ ಘರ್ಷಣೆ, ಕೊಳವೆಯೊಳಗೆ ನೀರು ಒತ್ತಿ ಬಂಡೆಯನ್ನು ಸೀಳಿ ಅಳೆದ ಅಡ್ಡ ಒತ್ತಡ, ಕೋರ್ ತುಂಡುಗಳ ಉದ್ದ, ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಅಂತರ್ಜಲದ ಮಟ್ಟ. ಯುರೇನಿಯಂ ಗಣಿ 1961ರ ಲೋಹ ಗಣಿಗಳ ನಿಯಮಾವಳಿಯ ಕೆಳಗೆ ಬರುತ್ತದೆ. ಚಾವಣಿಯನ್ನೂ ಪಕ್ಕದ ಗೋಡೆಯನ್ನೂ ಭದ್ರವಾಗಿ ಇಡುವ ಹೊಣೆಯನ್ನು ಅದು ಗಣಿಯ ಆಡಳಿತದ ಮೇಲೆ ಹೊರಿಸಿದೆ. ಸುತ್ತಲಿನ ಹಳ್ಳಿಗಳ ಬಾವಿ, ಕೊಳವೆಬಾವಿಗಳು ಇದೇ ಮರಳುಗಲ್ಲಿನ ಸೀಳುಗಳಿಂದ ನೀರು ಎಳೆಯುತ್ತಿರುವಾಗ ಈ ಅಳತೆಗಳು ಕಡತದಲ್ಲಿ ಉಳಿಯದೆ ಊರಿನವರ ಓದಿಗೆ ಸಿಗುವ ಕನ್ನಡದಲ್ಲಿ ಇರಬೇಕು.